ಬರ್ಡ್ಸ್ ಆಲ್ಬಮ್‌ನ ಸ್ಟೀಲ್ ಗಿಟಾರ್ ವಾದಕರು

ಅಮೆರಿಕದ ರಾಕ್ ಸಂಗೀತ ತಂಡವಾದ ಬರ್ಡ್ಸ್‌ನ 1968ರ 'ಸ್ವೀಟ್‌ಹಾರ್ಟ್ ಆಫ್ ದ ರೋಡಿಯೊ' ಆಲ್ಬಮ್‌ನಲ್ಲಿ ಪೆಡಲ್ ಸ್ಟೀಲ್ ಗಿಟಾರ್ (ತಂತಿಗಳ ಮೇಲೆ ಲೋಹದ ಸರಳು ಜಾರಿಸಿ, ಪೆಡಲ್ ಒತ್ತಿ ಸ್ವರ ಬದಲಿಸುತ್ತ ನುಡಿಸುವ ಗಿಟಾರ್) ನುಡಿಸಿದವರು ಯಾರು, ಆ ದಿನಗಳನ್ನು ಅವರು ಮುಂದೆ ನೆನೆದದ್ದುಂಟೇ ಎಂದು ತಾವು ಕೇಳಿದ್ದೀರಿ. ನ್ಯಾಶ್‌ವಿಲ್‌ನಲ್ಲಿ ಲಾಯ್ಡ್ ಗ್ರೀನ್, ಲಾಸ್ ಏಂಜಲೀಸ್‌ನಲ್ಲಿ ಜೇಡೀ ಮಾನೆಸ್ ನುಡಿಸಿದರು.

ಹಾಡಿನ ಯಾವ ಜಾಗವನ್ನು ತುಂಬಲಿ ಎಂದು ತಾನು ಕೇಳಿದಾಗ, ಎಲ್ಲ ಕಡೆಯೂ ನುಡಿಸಿ ಎಂಬ ಉತ್ತರ ತಂಡದವರಿಂದ ಬಂದುದನ್ನು ಗ್ರೀನ್ ಹಲವು ಸಂದರ್ಶನಗಳಲ್ಲಿ ಸಂತೋಷದಿಂದ ನೆನೆದಿದ್ದಾರೆ. ಗಾಯಕನಿಗೆ ದಾರಿಬಿಟ್ಟು, ಸಾಲುಗಳ ನಡುವಿನ ಬಿಡುವಿನಲ್ಲಷ್ಟೇ ನುಡಿಸುವುದು ರೂಢಿಯಾಗಿದ್ದ ಸ್ಟುಡಿಯೊ ವಾದಕರಿಗೆ ಅದು ಅಪರೂಪದ ಸ್ವಾತಂತ್ರ್ಯವೇ ಸರಿ. 'ಯು ಐಂಟ್ ಗೋಯಿಂಗ್ ನೋವೇರ್' ಹಾಡಿನ ಆರಂಭವನ್ನು ದಯವಿಟ್ಟು ಹೆಡ್‌ಫೋನ್‌ನಲ್ಲಿ ಕೇಳಿ: ದನಿ ಶುರುವಾಗುವ ಮೊದಲೇ ಸ್ಟೀಲ್‌ನ ಜಾರುಸ್ವರಗಳು ಹಾಡನ್ನು ಹಿಡಿದು ನಡೆಸುತ್ತವೆ. ಇಬ್ಬರೂ ಜೊತೆಗೂಡಿ 2018ರಲ್ಲಿ ಆ ಆಲ್ಬಮ್‌ನ ಹಾಡುಗಳನ್ನು ಹೊಸದಾಗಿ ನುಡಿಸಿ ಹೊರತಂದರು. ಅವರ ನೆನಪುಗಳ ಜೊತೆಗೆ ಅದನ್ನೂ ತಾವು ಕೇಳಲೇಬೇಕು.