ಹಳೇ ಸೈಜಿನ ಕ್ಲೌಡ್ ಮಷೀನ್ ನಿಲ್ಲಿಸ್ತಾರಂತೆ, ನಮ್ಮ ಲೆಕ್ಕದ ಗತಿ ಏನು?

ಪ್ರಶ್ನೆ: ನಮ್ಮದು ಪತ್ತಿನ ಸಹಕಾರ ಸಂಘ. ಠೇವಣಿ, ಸಾಲದ ಲೆಕ್ಕವೆಲ್ಲ ಮೈಕ್ರೋಸಾಫ್ಟ್‌ನ ಕ್ಲೌಡ್ ಸೇವೆ ಅಜೂರ್‌ನಲ್ಲಿ ಬಾಡಿಗೆಗೆ ಪಡೆದ ಒಂದು ವಿಂಡೋಸ್ ಮಷೀನಿನಲ್ಲಿದೆ. ಅದರ ಸೈಜು, ಅಂದರೆ ಮಾದರಿ, ಡಿ2 ವಿ2. ಇದು 2028ರ ಮೇ 1ಕ್ಕೆ ನಿಲ್ಲುತ್ತದೆ ಎಂದು ಮೇಲ್ ಬಂದಿದೆ. ಅವತ್ತು ನಮ್ಮ ಲೆಕ್ಕ ಅಳಿಸಿ ಹೋಗುತ್ತಾ? ಚೆನ್ನಾಗಿ ಓಡುತ್ತಿರುವುದನ್ನು ಯಾಕೆ ನಿಲ್ಲಿಸುತ್ತಾರೆ?
- ಸಂಘದ ಕಾರ್ಯದರ್ಶಿ, ಸಾಗರ

ಉತ್ತರ: ಕಾರ್ಯದರ್ಶಿಗಳೇ, ಲೆಕ್ಕ ಅಳಿಸಿ ಹೋಗೋದಿಲ್ಲ. ಗಡುವು ದಾಟಿದರೂ ನೀವು ಏನೂ ಮಾಡದಿದ್ದರೆ ಮಷೀನನ್ನು ನಿಲ್ಲಿಸುತ್ತಾರೆ, ಅಷ್ಟೇ. ಅದರ ಬಾಡಿಗೆಯೂ ನಿಲ್ಲುತ್ತದೆ. ಡಿಸ್ಕ್ ಹಾಗೇ ಇರುತ್ತದೆ, ಡಿಸ್ಕಿನ ಬಾಡಿಗೆ ಬರುತ್ತಲೇ ಇರುತ್ತದೆ. ಆದರೆ ಮೇ 1 ಕಾರ್ಮಿಕರ ದಿನದ ರಜೆ. ಮಾರನೇ ದಿನ ಪಿಗ್ಮಿ ಹಣ ಜಮಾ ಮಾಡಲು ಬಂದವರ ಮುಂದೆ ಸಾಫ್ಟ್‌ವೇರ್ ತೆರೆಯದಿದ್ದರೆ ಸದಸ್ಯರಿಗೆ ಏನು ಹೇಳ್ತೀರಿ? ಅಲ್ಲೀವರೆಗೆ ಕಾಯಬೇಡಿ.

ಯಾಕೆ ನಿಲ್ಲಿಸುತ್ತಾರೆ ಅಂದರೆ, ಈ ಸೈಜು ಬಂದದ್ದು 2015ರಲ್ಲಿ, ಇಂಟೆಲ್‌ನ ಹ್ಯಾಸ್‌ವೆಲ್ ಚಿಪ್‌ಗಳ ಮೇಲೆ. ಆ ಕಾಲದ ಸರ್ವರ್ ಕರೆಂಟು ಜಾಸ್ತಿ ತಿನ್ನುತ್ತದೆ, ಕೆಲಸ ಕಡಿಮೆ ಮಾಡುತ್ತದೆ. ವರ್ಷಗಳ ಮುಂಚೆಯೇ ತಿಳಿಸಿರುವುದರಿಂದ ಇದು ಅನ್ಯಾಯ ಅಂತ ನನಗೆ ಅನ್ನಿಸಲ್ಲ.

ನನಗೆ ಭಯ ಇರೋದು ಡಿ ಡ್ರೈವಿನ ಬಗ್ಗೆ. ಇವತ್ತೇ ಮಷೀನಿಗೆ ಲಾಗಿನ್ ಆಗಿ ನೋಡಿ. 'ಟೆಂಪರರಿ ಸ್ಟೋರೇಜ್' ಎಂಬ ಹೆಸರಿನಲ್ಲಿ 100 ಜಿಬಿ ಜಾಗ ಕಾಣುತ್ತದೆ. ಒಳಗೆ 'ಡೇಟಾಲಾಸ್ ವಾರ್ನಿಂಗ್ ರೀಡ್‌ಮಿ' ಎಂಬ ಫೈಲ್ ಇರುತ್ತದೆ. ಅದನ್ನು ಯಾರೂ ತೆರೆಯೋದಿಲ್ಲ. ಅಜೂರ್‌ನ ಪೋರ್ಟಲಿನಿಂದ (ಮಷೀನನ್ನು ನಿರ್ವಹಿಸುವ ವೆಬ್‌ಸೈಟಿನಿಂದ) ಮಷೀನ್ ನಿಲ್ಲಿಸಿ ಮತ್ತೆ ಶುರು ಮಾಡಿದಾಗ ಅಲ್ಲಿದ್ದದ್ದೆಲ್ಲ ಖಾಲಿ. ನಾನು ನೋಡಿದ ಒಂದು ಕಚೇರಿಯಲ್ಲಿ ಪ್ರತಿ ರಾತ್ರಿಯ ಬ್ಯಾಕಪ್ಪು ಅಲ್ಲಿಗೇ ಹೋಗುತ್ತಿತ್ತು, ಯಾಕೆಂದರೆ ಸಿ ಡ್ರೈವಿನಲ್ಲಿ ಜಾಗ ಇರಲಿಲ್ಲ. ನಿಮ್ಮ ಸಾಫ್ಟ್‌ವೇರ್ ಹಾಕಿಕೊಟ್ಟವರು ಬ್ಯಾಕಪ್ ಎಲ್ಲಿಗೆ ಹೋಗುವ ಹಾಗೆ ಮಾಡಿದ್ದಾರೆ ಅಂತ ಮೊದಲು ಕೇಳಿ. ಅಲ್ಲಿ ಏನಿದ್ದರೂ ಬೇರೆ ಡಿಸ್ಕಿಗೆ ಸಾಗಿಸಿ.

ಹೊಸ ಸೈಜು ಯಾವುದು? ನಿಮಗೆ ಡಿ2ಡಿಎಸ್ ವಿ5 ಸರಿ. ಇದರಲ್ಲೂ ಆ ಡಿ ಡ್ರೈವಿನಂಥ ತಾತ್ಕಾಲಿಕ ಡಿಸ್ಕ್ ಇದೆ. ಅದಿಲ್ಲದ ಸೈಜು ಸ್ವಲ್ಪ ಅಗ್ಗ, ಆದರೆ ನಿಮ್ಮಂಥ ವಿಂಡೋಸ್ ಮಷೀನನ್ನು ನೇರವಾಗಿ ಅದಕ್ಕೆ ಬದಲಾಯಿಸಲು ಬಿಡೋದಿಲ್ಲ. ಇನ್ನೂ ಹೊಸದಾದ ವಿ6 ಸೈಜು ಬೇಡ, ನಿಮ್ಮಂಥ ಹಳೆಯ 'ಜನರೇಶನ್ 1' (ಹಳೇ ಬಗೆಯಲ್ಲಿ ಬೂಟ್ ಆಗುವ) ಮಷೀನು ಅದರ ಮೇಲೆ ಓಡಲ್ಲ.

ಒಂದು ವಿಷಯವನ್ನು ಮಾತ್ರ ಮಾರಾಟದವರು ಬಿಡಿಸಿ ಹೇಳೋದಿಲ್ಲ. ನಿಮ್ಮ ಹಳೇ ಮಷೀನಿನ ಎರಡು ವಿಸಿಪಿಯು (ಬಾಡಿಗೆಗೆ ಕೊಡುವ ಪ್ರೊಸೆಸರ್ ಲೆಕ್ಕ) ಅಂದರೆ ನಿಜವಾಗಲೂ ಎರಡು ಕೋರ್, ಅಂದರೆ ಚಿಪ್ಪಿನೊಳಗಿನ ಎರಡು ಪ್ರತ್ಯೇಕ ಪ್ರೊಸೆಸರ್. ಹೊಸದರಲ್ಲಿ ಎರಡು ವಿಸಿಪಿಯು ಅಂದರೆ ಒಂದೇ ಕೋರಿನ ಎರಡು ಥ್ರೆಡ್, ಅಂದರೆ ಒಂದೇ ಕೋರನ್ನು ಹಂಚಿಕೊಳ್ಳುವ ಎರಡು ಕೆಲಸದ ಸಾಲು. ಚಿಪ್ ಹೊಸದಾದ್ದರಿಂದ ದಿನದ ಕೆಲಸಕ್ಕೆ ವ್ಯತ್ಯಾಸ ಗೊತ್ತಾಗಲಿಕ್ಕಿಲ್ಲ. ರ‍್ಯಾಮ್ 7 ಜಿಬಿಯಿಂದ 8 ಆಗುತ್ತದೆ. ಆದರೆ ತಿಂಗಳ ಕೊನೆಗೆ ಎಲ್ಲ ಖಾತೆಗಳ ಬಡ್ಡಿ ಹಾಕುವಾಗ ಎಷ್ಟು ಹೊತ್ತು ಹಿಡಿಯುತ್ತದೆ ಅಂತ ಈಗಲೇ ಬರೆದಿಟ್ಟುಕೊಳ್ಳಿ. ಬದಲಾಯಿಸಿದ ಮೇಲೆ ಹೋಲಿಸಲು ಅದೊಂದೇ ಆಧಾರ.

ಮಾರ್ಚ್ ಮುಗಿದು ಆಡಿಟ್ ಆದ ಮೇಲೆ ಒಂದು ಭಾನುವಾರ ಆರಿಸಿಕೊಳ್ಳಿ. ಡಿಸ್ಕುಗಳ ಸ್ನ್ಯಾಪ್‌ಶಾಟ್ (ಆ ಕ್ಷಣದ ಪೂರ್ತಿ ನಕಲು) ತೆಗೆಯಿರಿ. ಪೋರ್ಟಲಿನಲ್ಲಿ ಮಷೀನ್ ನಿಲ್ಲಿಸಿ, ಸೈಜು ಬದಲಾಯಿಸಿ, ಮತ್ತೆ ಶುರು ಮಾಡಿ. ಬಡ್ಡಿ ಲೆಕ್ಕ ತೀರಾ ನಿಧಾನವಾದರೆ 4 ವಿಸಿಪಿಯು, 16 ಜಿಬಿಯ ಡಿ4ಡಿಎಸ್ ವಿ5ಗೆ ಹೋಗಿ. ಬಾಡಿಗೆ ಹೆಚ್ಚುಕಡಿಮೆ ದುಪ್ಪಟ್ಟಾಗುತ್ತದೆ, ಹಾಗಾಗಿ ಮೊದಲು ಆಡಳಿತ ಮಂಡಳಿಯ ಒಪ್ಪಿಗೆ ತಗೊಳ್ಳಿ.