ಅಮ್ಮನ ನಿದ್ದೆ ಮಾತ್ರೆಗೆ ನನ್ನ ಆಧಾರ್ ಕೇಳುತ್ತಾರೆ, ಕೊಡಲೇಬೇಕಾ?

ನಿಮ್ಮ ಪ್ರಶ್ನೆ ಇಷ್ಟು: ಅಮ್ಮನಿಗೆ ಡಾಕ್ಟರು ಬರೆದ ಅಲ್ಪ್ರಜೋಲಮ್ 0.25 ತರಲು ಹೋದಿರಿ. ಮೆಡಿಕಲ್ ಶಾಪಿನವರು ನಿಮ್ಮ ಆಧಾರ್ ಜೆರಾಕ್ಸ್ ಕೇಳಿದರು. ಇಲ್ಲ ಅಂದದ್ದಕ್ಕೆ ಮಾತ್ರೆ ಕೊಡಲಿಲ್ಲ. ಅಮೆರಿಕದಲ್ಲಿರುವ ನಿಮ್ಮ ತಮ್ಮ ‘ಇಲ್ಲಿ ಐಡಿ ಕೇಳೋದು ಮಾಮೂಲು’ ಅನ್ನುತ್ತಾರೆ. ಹಾಗಾದರೆ ನಮ್ಮಲ್ಲೂ ಅದು ಕಾನೂನಾ?

ಕೌಂಟರಿನ ಒಳಗಡೆ ನಿಂತು ರಿಜಿಸ್ಟರ್ ಬರೆಯುವ ಫಾರ್ಮಸಿಸ್ಟ್ ಆಗಿ ಹೇಳುತ್ತೇನೆ. ನಮ್ಮ ಕಾನೂನು ಗುರುತು ಕೇಳುವುದು ಚೀಟಿಯನ್ನು, ಚೀಟಿ ಹಿಡಿದು ಬಂದವರನ್ನಲ್ಲ. ನೀವು ಕೊಳ್ಳಲು ಹೋದ ಮಾತ್ರೆಗೆ ಆಧಾರ್ ಬೇಕೆಂದು ಔಷಧ ನಿಯಮಗಳಲ್ಲಿ ಎಲ್ಲೂ ಬರೆದಿಲ್ಲ. ಆದರೆ ಅಂಗಡಿಯವರು ಸುಮ್ಮನೆ ಸತಾಯಿಸಲು ಕೇಳಿದರು ಅಂತಲೂ ಅಂದುಕೊಳ್ಳಬೇಡಿ. ಹತ್ತರಲ್ಲಿ ಎಂಟು ಸಲ ಚೀಟಿಯಲ್ಲಿ ಇರಬೇಕಾದದ್ದು ಇರುವುದಿಲ್ಲ, ಆ ಕೊರತೆ ತುಂಬಿಕೊಳ್ಳಲು ಆಧಾರ್ ಕೇಳುತ್ತಾರೆ.

ಮೊದಲು ಕೈಯಲ್ಲಿರುವ ಹಳೆಯ ಸ್ಟ್ರಿಪ್ ತಿರುಗಿಸಿ ನೋಡಿ. ಎಡಗಡೆ ಮೇಲಿನ ಮೂಲೆಯಲ್ಲಿ ಕೆಂಪು ಅಕ್ಷರ ಇರುತ್ತದೆ. ಬರೀ ‘ಆರ್‌ಎಕ್ಸ್’ ಇದ್ದರೆ ಚೀಟಿ ಬೇಕಾದ ಔಷಧಿ. ‘ಎನ್‌ಆರ್‌ಎಕ್ಸ್’ ಇದ್ದರೆ ಅದು ಮಾದಕ ವಸ್ತು ಕಾಯ್ದೆ, ಅಂದರೆ ಎನ್‌ಡಿಪಿಎಸ್ ವ್ಯಾಪ್ತಿಗೂ ಬರುತ್ತದೆ. ‘ಎಕ್ಸ್‌ಆರ್‌ಎಕ್ಸ್’ ಇದ್ದರೆ ಔಷಧ ನಿಯಮಗಳ ಶೆಡ್ಯೂಲ್ ಎಕ್ಸ್ ಎಂಬ ಪಟ್ಟಿಯದು, ಎಲ್ಲಕ್ಕಿಂತ ಬಿಗಿ. ಇದರ ಜೊತೆಗೆ ಕೆಂಪು ಗೆರೆಯ ಚೌಕದೊಳಗೆ ಶೆಡ್ಯೂಲ್ ಎಚ್1 (ಅದೇ ನಿಯಮಗಳ ಇನ್ನೊಂದು ಪಟ್ಟಿ) ಎಚ್ಚರಿಕೆ ಅಚ್ಚಾಗಿದ್ದರೆ ಅದಕ್ಕೆ ಪ್ರತ್ಯೇಕ ರಿಜಿಸ್ಟರ್ ಬರೆಯಲೇಬೇಕು. ಅಲ್ಪ್ರಜೋಲಮ್ ಎಚ್1 ಪಟ್ಟಿಯಲ್ಲೂ ಇದೆ, ಎನ್‌ಡಿಪಿಎಸ್‌ನಲ್ಲೂ ಇದೆ. ಅಂಗಡಿಯವರು ಅಷ್ಟು ಹುಷಾರಾಗುವುದು ಅದಕ್ಕೇ.

ಈ ಎಚ್1 ಪಟ್ಟಿ ಹೊರಟದ್ದು 2013ರ ಆಗಸ್ಟ್‌ನಲ್ಲಿ, ಜಾರಿಗೆ ಬಂದದ್ದು 2014ರ ಮಾರ್ಚ್ 1ರಿಂದ. ಸೆಫಿಕ್ಸಿಮ್, ಲಿವೊಫ್ಲಾಕ್ಸಸಿನ್, ಮೆರೊಪೆನೆಮ್ ತರಹದ ಆಂಟಿಬಯಾಟಿಕ್‌ಗಳು, ಟಿಬಿ ಔಷಧಿಗಳು, ಅಭ್ಯಾಸ ಹಿಡಿಸುವ ಅಲ್ಪ್ರಜೋಲಮ್, ಡಯಾಜೆಪಮ್, ನೈಟ್ರಜೆಪಮ್, ಜೋಲ್ಪಿಡೆಮ್, ಟ್ರಮಡಾಲ್, ಕೊಡೀನ್ ಎಲ್ಲ ಅದರಲ್ಲಿವೆ. ಒಂದು ವಿಚಿತ್ರವೆಂದರೆ ಅದೇ ಜಾತಿಯ ಕ್ಲೋನಜೆಪಮ್ ಆ ಮೂಲ ಪಟ್ಟಿಯಲ್ಲಿ ಇರಲಿಲ್ಲ, ಆದರೂ ಎನ್‌ಡಿಪಿಎಸ್ ವಸ್ತು. ಒಂದೇ ಅಂಗಡಿಯವರು ಒಂದಕ್ಕೆ ಹೀಗೆ, ಇನ್ನೊಂದಕ್ಕೆ ಹಾಗೆ ನಡೆದುಕೊಳ್ಳುವಂತೆ ಕಾಣುವುದಕ್ಕೆ ಇಂಥವೂ ಕಾರಣ.

ಎಚ್1 ರಿಜಿಸ್ಟರಿನಲ್ಲಿ ಬರೆಯಬೇಕಾದದ್ದು ಇಷ್ಟೇ: ಬರೆದುಕೊಟ್ಟ ಡಾಕ್ಟರ ಹೆಸರು ಮತ್ತು ವಿಳಾಸ, ರೋಗಿಯ ಹೆಸರು, ಔಷಧಿಯ ಹೆಸರು, ಕೊಟ್ಟ ಪ್ರಮಾಣ. ಕೊಡುವ ಹೊತ್ತಿಗೇ ಬರೆಯಬೇಕು, ಮೂರು ವರ್ಷ ಇಟ್ಟುಕೊಳ್ಳಬೇಕು, ಡ್ರಗ್ಸ್ ಇನ್‌ಸ್ಪೆಕ್ಟರ್ ಬಂದಾಗ ತೋರಿಸಬೇಕು. ಮಾತ್ರೆ ಒಯ್ಯಲು ಬಂದ ಮಗನ ಹೆಸರಿಗೆ ಅಲ್ಲಿ ಕಾಲಮ್ಮೇ ಇಲ್ಲ. ರೋಗಿಯೇ ಖುದ್ದಾಗಿ ಬರಬೇಕು ಅಂತಲೂ ಇಲ್ಲ. ಮಗ, ಸೊಸೆ, ಪಕ್ಕದ ಮನೆಯವರು, ಯಾರು ಬೇಕಾದರೂ ಒಯ್ಯಬಹುದು. ಇಷ್ಟು ಬರೆದುಕೊಳ್ಳಲು ಚೀಟಿ ಸಾಕು, ಚೀಟಿ ಸರಿಯಿದ್ದರೆ.

ಚೀಟಿ ಹೇಗಿರಬೇಕು ಎಂದು 1945ರ ಔಷಧ ನಿಯಮಗಳ 65ನೇ ನಿಯಮ ಹೇಳುತ್ತದೆ. ಡಾಕ್ಟರು ಬರೆದು, ಸಹಿ ಹಾಕಿ, ತಾರೀಕು ಹಾಕಿರಬೇಕು. ಯಾರ ಚಿಕಿತ್ಸೆಗೋ ಅವರ ಹೆಸರು ಮತ್ತು ವಿಳಾಸ ಇರಬೇಕು. ಒಟ್ಟು ಎಷ್ಟು ಕೊಡಬೇಕು, ಹೇಗೆ ತೆಗೆದುಕೊಳ್ಳಬೇಕು ಎಂಬುದಿರಬೇಕು. ಈಗ ನಿಮ್ಮ ಅಮ್ಮನ ಚೀಟಿ ತೆಗೆದು ನೋಡಿ. ಬಹುಶಃ ‘ಸುಶೀಲಮ್ಮ, 68’ ಎಂದಿದೆ, ವಿಳಾಸದ ಸುದ್ದಿಯಿಲ್ಲ. ಔಷಧಿಯ ಮುಂದೆ ‘0-0-1’ ಅಂತಿದೆ, ಎಷ್ಟು ದಿನಕ್ಕೆ ಅಂತ ಇಲ್ಲ. ಹೀಗಿದ್ದರೆ ನಾವು 10 ಕೊಡಬೇಕೋ 60 ಕೊಡಬೇಕೋ? ಡಾಕ್ಟರ ಕ್ಲಿನಿಕ್ಕಿನಲ್ಲೇ ‘0-0-1, 30 ದಿನ, ಒಟ್ಟು 30’ ಎಂದು ಬರೆಸಿಕೊಂಡು, ಹೆಸರಿನ ಕೆಳಗೆ ಊರು-ಬಡಾವಣೆ ಹಾಕಿಸಿಕೊಂಡು ಬಂದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ. ಡಾಕ್ಟರ ನೋಂದಣಿ ಸಂಖ್ಯೆ, ನಮ್ಮಲ್ಲಿ ಸಾಮಾನ್ಯವಾಗಿ ಕೆಎಂಸಿ ನಂಬರ್ ಅನ್ನುವುದು, ಅಚ್ಚಾಗಿದೆಯಾ ಅಂತಲೂ ನೋಡಿ. ಊರಿಗೆ ಹೊಸಬರಾದ ಡಾಕ್ಟರ ಚೀಟಿಯನ್ನು ನಂಬಲು ನಮಗೆ ಅದೊಂದೇ ಆಧಾರ (ಈ ಆಧಾರ ಮಾತ್ರ ನಿಜಕ್ಕೂ ಬೇಕು).

ಜನರಿಗೆ ಗೊತ್ತಿಲ್ಲದೆ ಅತಿ ಹೆಚ್ಚು ಸಿಟ್ಟು ತರಿಸುವ ನಿಯಮ ಇನ್ನೊಂದಿದೆ. ಒಂದು ಚೀಟಿಗೆ ಒಂದೇ ಸಲ ಔಷಧಿ. ‘ಇನ್ನೆರಡು ಸಲ ಕೊಡಬಹುದು’, ‘ತಿಂಗಳಿಗೊಮ್ಮೆಯಂತೆ ಮೂರು ತಿಂಗಳು’ ಎಂದು ಡಾಕ್ಟರೇ ಬರೆದಿದ್ದರೆ ಮಾತ್ರ ಮತ್ತೆ ಕೊಡಬಹುದು, ಅದೂ ಅವರು ಹೇಳಿದಷ್ಟೇ ಸಲ. ಕೊಟ್ಟಾಗ ಅಂಗಡಿಯ ಹೆಸರು, ವಿಳಾಸ, ತಾರೀಕನ್ನು ಡಾಕ್ಟರ ಸಹಿಯ ಮೇಲ್ಭಾಗದಲ್ಲಿ ನಮೂದಿಸಬೇಕು. ನಾವು ಸೀಲು ಒತ್ತುವುದು ಅದಕ್ಕೆ. ಬಿಪಿ, ಶುಗರ್ ಮಾತ್ರೆಗೆ ಯಾರೂ ಇದನ್ನು ಅಷ್ಟಾಗಿ ಪಾಲಿಸುವುದಿಲ್ಲ ಎನ್ನುವುದು ಎಲ್ಲರಿಗೂ ಗೊತ್ತು. ನಿದ್ದೆ ಮಾತ್ರೆಗೆ ಪಾಲಿಸುತ್ತಾರೆ. ಆರು ತಿಂಗಳ ಹಿಂದಿನ, ಆಗಲೇ ಎರಡು ಸೀಲು ಬಿದ್ದಿರುವ ಚೀಟಿ ತಂದರೆ ‘ಹೊಸದು ಬರೆಸಿಕೊಂಡು ಬನ್ನಿ’ ಅನ್ನುವುದು ಸರಿಯಾದ ಮಾತೇ.

ವಾಟ್ಸಾಪ್ ಫೋಟೊದ ತಕರಾರೂ ಇಲ್ಲಿಂದಲೇ ಹುಟ್ಟುವುದು. ಫೋಟೊದ ಮೇಲೆ ಸೀಲು ಒತ್ತಲಾಗುವುದಿಲ್ಲ. ಒಂದೇ ಫೋಟೊ ಹಿಡಿದು ಒಂದು ರಸ್ತೆಯ ಐದು ಅಂಗಡಿಯಲ್ಲಿ ಐದು ಸಲ ಮಾತ್ರೆ ಕೊಳ್ಳಬಹುದು. ಫೋಟೊ ತೋರಿಸಿದವರ ಹತ್ತಿರ ಐಡಿ ಕೇಳುವುದು ಈ ಭಯದಿಂದಲೇ. 2020ರ ಮಾರ್ಚ್‌ನ ಟೆಲಿಮೆಡಿಸಿನ್ ಮಾರ್ಗಸೂಚಿಯಂತೆ ಡಾಕ್ಟರು ಸಹಿ ಮಾಡಿದ ಚೀಟಿಯ ಫೋಟೊ, ಸ್ಕ್ಯಾನ್ ಅಥವಾ ಇ-ಪ್ರಿಸ್ಕ್ರಿಪ್ಷನ್ ಕಳಿಸಬಹುದು ನಿಜ. ಆದರೆ ಅದೇ ಮಾರ್ಗಸೂಚಿ ಶೆಡ್ಯೂಲ್ ಎಕ್ಸ್ ಮತ್ತು ಎನ್‌ಡಿಪಿಎಸ್ ಔಷಧಿಗಳನ್ನು ನಿಷಿದ್ಧ ಪಟ್ಟಿಯಲ್ಲಿಟ್ಟಿತು. ಹಾಗಾಗಿ ವಿಡಿಯೊ ಕನ್ಸಲ್ಟೇಷನ್‌ನಲ್ಲಿ ಬರೆಸಿದ ಅಲ್ಪ್ರಜೋಲಮ್ ಚೀಟಿಯನ್ನು ಅಂಗಡಿಯವರು ವಾಪಸ್ ಕೊಟ್ಟರೆ ಬೈಯಬೇಡಿ. ನೇರವಾಗಿ ಹೋಗಿ ಕಾಗದದ ಮೇಲೆ ಬರೆಸಿಕೊಂಡು ಬನ್ನಿ.

ಎಷ್ಟು ಒಯ್ಯಬಹುದು ಎನ್ನುವುದಕ್ಕೂ ಲೆಕ್ಕವಿದೆ. ಎನ್‌ಡಿಪಿಎಸ್ ನಿಯಮಗಳ ಪ್ರಕಾರ ಅಲ್ಪ್ರಜೋಲಮ್‌ನಂಥ ಮನೋಪರಿಣಾಮಿ ಔಷಧಿಯನ್ನು ಒಬ್ಬರು ಸ್ವಂತ ಚಿಕಿತ್ಸೆಗೆ ಒಂದು ಹೊತ್ತಿಗೆ 100 ಮಾತ್ರೆಯವರೆಗೆ ಇಟ್ಟುಕೊಳ್ಳಬಹುದು. ದೀರ್ಘಕಾಲದ ಚಿಕಿತ್ಸೆ ಎಂದು ಡಾಕ್ಟರು ನಿರ್ದಿಷ್ಟವಾಗಿ ಬರೆದಿದ್ದರೆ 300ರವರೆಗೆ. ದಿನಕ್ಕೆ ಒಂದಾದರೆ ಮೂರು ತಿಂಗಳಿನದು 90, ತೊಂದರೆಯಿಲ್ಲ. ದಿನಕ್ಕೆರಡಾದರೆ 50 ದಿನಕ್ಕೇ ಮಿತಿ ಮುಟ್ಟುತ್ತದೆ. ಮಗಳ ಮನೆಗೆ ವಿದೇಶಕ್ಕೆ ಹೊರಟವರು ಆರು ತಿಂಗಳಿನದು ಒಟ್ಟಿಗೆ ಕೇಳುತ್ತಾರೆ. ಚೀಟಿಯಲ್ಲಿ ಅವಧಿ, ಒಟ್ಟು ಸಂಖ್ಯೆ ಸ್ಪಷ್ಟವಾಗಿರದಿದ್ದರೆ ಯಾವ ಅಂಗಡಿಯವರೂ ಕೊಡುವುದಿಲ್ಲ.

ಇನ್ನು ಆಧಾರ್ ವಿಷಯ. ಖಾಸಗಿಯವರು ಕರಾರಿನ ನೆಪದಲ್ಲಿ ಆಧಾರ್ ಕೇಳಲು ದಾರಿಯಾಗಿದ್ದ ಆಧಾರ್ ಕಾಯ್ದೆಯ ಸೆಕ್ಷನ್ 57ರ ಭಾಗವನ್ನು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 26ರ ತೀರ್ಪಿನಲ್ಲಿ ತೆಗೆದುಹಾಕಿತು. ಹಾಗಾಗಿ ‘ಆಧಾರೇ ಬೇಕು’ ಅನ್ನುವ ಹಟಕ್ಕೆ ಬಲವಿಲ್ಲ. ಅದಕ್ಕಿಂತ ಮುಖ್ಯವಾಗಿ, ಜೆರಾಕ್ಸ್ ಕೊಟ್ಟರೆ ಅದು ಕೊನೆಗೆ ಯಾವ ರಟ್ಟಿನ ಡಬ್ಬಕ್ಕೆ ಹೋಗಿ ಬೀಳುತ್ತದೆ ಎಂಬುದಕ್ಕೆ ಲೆಕ್ಕ ಇಡುವವರಿಲ್ಲ. ಜಗಳ ಬೇಡ, ಮಾತ್ರೆ ಬೇಕು ಅಂತಿದ್ದರೆ ಹೀಗೆ ಮಾಡಿ: ‘ರಿಜಿಸ್ಟರಿಗೆ ಏನು ಬೇಕು ಹೇಳಿ, ಬರೆಸುತ್ತೇನೆ’ ಎಂದು ಕೇಳಿ ಅಮ್ಮನ ಹೆಸರು, ವಿಳಾಸ ಹೇಳಿ. ಅಷ್ಟಕ್ಕೂ ಒಪ್ಪದಿದ್ದರೆ ಡ್ರೈವಿಂಗ್ ಲೈಸೆನ್ಸೋ ವೋಟರ್ ಐಡಿಯೋ ತೋರಿಸಿ, ಕೈಗೆ ಕೊಡಬೇಡಿ. ಆಧಾರೇ ಕೊಡಬೇಕಾಗಿ ಬಂದರೆ ಮಾಸ್ಕ್ ಮಾಡಿದ ಪ್ರತಿ ಕೊಡಿ. ಆಧಾರ್ ಕೊಡುವ ಸಂಸ್ಥೆಯಾದ ಯುಐಡಿಎಐ ವೆಬ್‌ಸೈಟಿನಿಂದ ಇಳಿಸಿಕೊಳ್ಳುವಾಗ ‘ಮಾಸ್ಕ್ಡ್’ ಆಯ್ಕೆ ಒತ್ತಿದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುತ್ತದೆ. ಆ ಪ್ರತಿಯ ಮೇಲೆ ಅಡ್ಡಲಾಗಿ ತಾರೀಕು ಮತ್ತು ‘ಔಷಧಿ ಖರೀದಿಗೆ ಮಾತ್ರ’ ಎಂದು ಪೆನ್ನಿನಲ್ಲಿ ಬರೆಯಿರಿ.

ಮೊಬೈಲ್ ನಂಬರ್ ಕೇಳುವುದು ಬೇರೆಯೇ ಕತೆ. ಬಹುತೇಕ ಅದು ಪಾಯಿಂಟ್ಸ್‌ಗೆ, ಮೆಸೇಜ್ ಕಳಿಸುವುದಕ್ಕೆ. ನಂಬರ್ ಕೊಟ್ಟರೇ ಬಿಲ್ ಎಂದು ಅಂಗಡಿಗಳು ಒತ್ತಾಯಿಸಬಾರದು ಎಂದು ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇನಲ್ಲಿ ಸಲಹೆ ಕೊಟ್ಟಿದೆ. ‘ಬೇಡ’ ಅನ್ನಿ, ಸಾಕು. ಆದರೆ ಬಿಲ್ಲಿನಲ್ಲಿ ರೋಗಿಯ ಹೆಸರು ಮತ್ತು ಡಾಕ್ಟರ ಹೆಸರು ಕೇಳಿದರೆ ಮುಚ್ಚಿಡಬೇಡಿ, ಅದು ಬೇಕು. ಬಿಲ್ಲಿಂಗ್ ಸಾಫ್ಟ್‌ವೇರ್ ಎಷ್ಟೋ ಕಡೆ ಆ ಎರಡು ತುಂಬದೆ ಎಚ್1 ಔಷಧಿಗೆ ಬಿಲ್ಲೇ ಹೊರಡಿಸುವುದಿಲ್ಲ. ಅವಸರಕ್ಕೆ ನಿಮ್ಮ ಹೆಸರು ಹೇಳಿಬಿಡಬೇಡಿ. ಅಮ್ಮನ ಔಷಧಿ ನಿಮ್ಮ ಹೆಸರಿನಲ್ಲಿ ದಾಖಲಾದರೆ ಆಫೀಸಿನ ಮೆಡಿಕಲ್ ರಿಯಂಬರ್ಸ್‌ಮೆಂಟ್ ಅಲ್ಲೇ ನಿಲ್ಲುತ್ತದೆ. ನಮ್ಮ ಕಡೆಯ ಇನಿಷಿಯಲ್ ಕಾಟವೂ ಅಲ್ಲೇ ಕಾಡುವುದು: ಚೀಟಿಯಲ್ಲಿ ‘ಸುಶೀಲಮ್ಮ’, ಕಾರ್ಡಿನಲ್ಲಿ ‘ಸುಶೀಲಾ ಬಿ. ಆರ್.’ ಇದ್ದರೆ ಔಷಧಿ ಸಿಗುತ್ತದೆ, ಕ್ಲೇಮು ಸಿಗುವುದಿಲ್ಲ.

ಗುರುತು ಕೇಳಿದರೆ ತಕರಾರು ಮಾಡಬಾರದ ಸಂದರ್ಭಗಳೂ ಇವೆ. ಶೆಡ್ಯೂಲ್ ಎಕ್ಸ್ ಔಷಧಿಗೆ, ಉದಾಹರಣೆಗೆ ಎಡಿಎಚ್‌ಡಿ (ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆ) ಇರುವ ಮಕ್ಕಳಿಗೆ ಬರೆಯುವ ಮಿಥೈಲ್‌ಫೆನಿಡೇಟ್‌ಗೆ, ಚೀಟಿ ಎರಡು ಪ್ರತಿ ಬೇಕು. ಒಂದು ಪ್ರತಿ ಅಂಗಡಿಯಲ್ಲೇ ಎರಡು ವರ್ಷ ಉಳಿಯುತ್ತದೆ. ರಿಜಿಸ್ಟರಿನಲ್ಲಿ ಒಯ್ಯುವವರ ಇಲ್ಲವೇ ರೋಗಿಯ ಹೆಸರು, ವಿಳಾಸ, ಬ್ಯಾಚ್ ನಂಬರ್ ಸಮೇತ ಬರೆಯಬೇಕು. ಇದನ್ನು ಮಾರಲು ಬೇರೆಯೇ ಲೈಸೆನ್ಸ್, ನಮೂನೆ 20-ಎಫ್, ಬೇಕಾಗಿರುವುದರಿಂದ ಮೂಲೆ ಅಂಗಡಿಯಲ್ಲಿ ಹುಡುಕಿ ಪ್ರಯೋಜನವಿಲ್ಲ. ದೊಡ್ಡ ಆಸ್ಪತ್ರೆಯ ಫಾರ್ಮಸಿಗೆ ಫೋನ್ ಮಾಡಿ ಕೇಳಿಕೊಂಡೇ ಹೋಗಿ. ಟಿಬಿ ಔಷಧಿಗೆ ವಿಳಾಸ, ಫೋನ್ ಕೇಳುವುದಕ್ಕೂ ಕಾರಣವಿದೆ. 2018ರ ಮಾರ್ಚ್‌ನ ಅಧಿಸೂಚನೆಯಿಂದ ಔಷಧಿ ಅಂಗಡಿಯವರೂ ಟಿಬಿ ರೋಗಿಗಳ ವಿವರವನ್ನು ಸರ್ಕಾರಕ್ಕೆ ತಿಳಿಸಲೇಬೇಕು. ರೋಗಿಗೆ ಅದರಿಂದ ಲಾಭವೇ, ಟಿಬಿ ರೋಗಿಗಳ ಸರ್ಕಾರಿ ದಾಖಲೆ ವ್ಯವಸ್ಥೆಯಾದ ನಿಕ್ಷಯ್‌ನಲ್ಲಿ ಹೆಸರು ಸೇರಿದರೆ ಪೌಷ್ಟಿಕ ಆಹಾರದ ಹಣ ಖಾತೆಗೆ ಬರುತ್ತದೆ.

ತಮಾಷೆಯೆಂದರೆ ಅಂಗಡಿಯಲ್ಲಿ ಫೋಟೊ ಐಡಿ ತೋರಿಸಲೇಬೇಕಾದ ವಸ್ತು ಒಂದಿದೆ, ಅದು ಔಷಧಿಯಲ್ಲ: ಆಸಿಡ್. 2013ರ ಸುಪ್ರೀಂ ಕೋರ್ಟ್ ಆದೇಶ ಅದು.

ನಿಮ್ಮ ತಮ್ಮ ಹೇಳಿದ್ದು ಸುಳ್ಳಲ್ಲ, ಆದರೆ ಪೂರ್ತಿಯೂ ಅಲ್ಲ. ಅಮೆರಿಕದಲ್ಲಿ ಸಾಮಾನ್ಯ ಔಷಧಿ ತೆಗೆದುಕೊಳ್ಳುವಾಗ ಕೇಳುವುದು ರೋಗಿಯ ಹೆಸರು ಮತ್ತು ಹುಟ್ಟಿದ ದಿನಾಂಕ, ಬೇರೆಯವರ ಮಾತ್ರೆ ನಿಮ್ಮ ಕೈಸೇರದಿರಲಿ ಅಂತ. ರೋಗಿಯ ಮಾಹಿತಿ ಗುಟ್ಟಾಗಿಡಲು ಅಲ್ಲಿರುವ ಹಿಪಾ ನಿಯಮದಡಿ ಮನೆಯವರು, ಸ್ನೇಹಿತರು ಹೋಗಿ ತರಲು ಅಡ್ಡಿಯಿಲ್ಲ. ನಿಯಂತ್ರಿತ ಔಷಧಿಗೆ ಐಡಿ ತೋರಿಸಬೇಕೇ ಎಂಬುದು ರಾಜ್ಯದಿಂದ ರಾಜ್ಯಕ್ಕೆ ಬದಲಾಗುತ್ತದೆ. ದೇಶಕ್ಕೆಲ್ಲ ಒಂದೇ ಆಗಿ ಫೋಟೊ ಐಡಿ ಕೇಳುವುದು ಚೀಟಿಯೇ ಬೇಡದ ನೆಗಡಿ ಮಾತ್ರೆಗೆ! ಸೂಡೊಎಫೆಡ್ರಿನ್ ಇರುವ ಮಾತ್ರೆಯಿಂದ ಮೆಥ್ ಎಂಬ ಮಾದಕ ವಸ್ತು ತಯಾರಿಸುತ್ತಾರೆಂದು 2005ರ ಕಾನೂನು ಅದನ್ನು ಕೌಂಟರಿನ ಹಿಂದಕ್ಕೆ ಸರಿಸಿತು. ದಿನಕ್ಕೆ 3.6 ಗ್ರಾಂ, 30 ದಿನಕ್ಕೆ 9 ಗ್ರಾಂ ಮಿತಿ, ಹೆಸರು-ವಿಳಾಸ ಬರೆದು ಸಹಿ ಬೇರೆ.

ಈಗ ನಿಮ್ಮ ಅಮ್ಮನ ಮಾತ್ರೆಗೆ ಬರೋಣ, ಯಾಕೆಂದರೆ ಅದು ಕಾಯುವ ಔಷಧಿಯಲ್ಲ. ತುಂಬ ದಿನದಿಂದ ತೆಗೆದುಕೊಳ್ಳುತ್ತಿದ್ದವರು ಅಲ್ಪ್ರಜೋಲಮ್ ಒಮ್ಮೆಲೇ ನಿಲ್ಲಿಸಿದರೆ ನಡುಕ, ತಳಮಳ, ನಿದ್ದೆ ಪೂರ್ತಿ ಹೋಗುವುದು, ಕೆಲವರಿಗೆ ಫಿಟ್ಸ್ ಕೂಡ ಬರಬಹುದು. ಮೂಲ ಚೀಟಿ ಹಿಡಿದು ಇವತ್ತೇ ಇನ್ನೊಂದು ಅಂಗಡಿಗೆ ಹೋಗಿ, ಸಾಧ್ಯವಾದರೆ ಡಾಕ್ಟರ ಕ್ಲಿನಿಕ್ಕಿನ ಹತ್ತಿರದ್ದಕ್ಕೆ. ಅವರಿಗೆ ಆ ಸಹಿಯ ಪರಿಚಯ ಇರುತ್ತದೆ. ಒಟ್ಟು ಸಂಖ್ಯೆ ಬರೆದಿಲ್ಲದಿದ್ದರೆ ಸದ್ಯಕ್ಕೆ 10 ಮಾತ್ರೆ ಕೇಳಿ, ಎಷ್ಟು ಕೊಟ್ಟರೆಂದು ಸೀಲಿನ ಪಕ್ಕ ಬರೆಸಿ, ಚೀಟಿ ವಾಪಸ್ ತೆಗೆದುಕೊಳ್ಳಿ. ‘0.25 ಇಲ್ಲ, 0.5 ಕೊಡ್ತೀನಿ, ಅರ್ಧ ಮಾಡಿ’ ಅಂದರೆ ಡಾಕ್ಟರಿಗೆ ಫೋನ್ ಮಾಡದೆ ಒಪ್ಪಬೇಡಿ. ವಯಸ್ಸಾದವರು ಅರ್ಧ ಮಾಡುವುದನ್ನು ಮರೆತು ಇಡೀ ಮಾತ್ರೆ ನುಂಗಿ, ರಾತ್ರಿ ಬಚ್ಚಲಿಗೆ ಎದ್ದಾಗ ಬೀಳುವ ಅಪಾಯವಿದೆ. ಮುಂದಿನ ತಿಂಗಳಿಂದ ಸ್ಟ್ರಿಪ್‌ನಲ್ಲಿ ಏಳು ಮಾತ್ರೆ ಉಳಿದಿರುವಾಗಲೇ ಚೀಟಿ ಬರೆಸಲು ಹೊರಡಿ, ಒಂದೇ ಅಂಗಡಿಯಲ್ಲಿ ಕೊಳ್ಳಿ. ಮೂರನೇ ಸಲಕ್ಕೆ ಅವರೇ ‘ಸುಶೀಲಮ್ಮನೋರ ಮಾತ್ರೆ ಅಲ್ವಾ’ ಅಂತ ರಿಜಿಸ್ಟರ್ ತೆಗೆಯುತ್ತಾರೆ.