ಜೀಜೀ ಪ್ಲಾಂಟ್ ಚಿಗುರುತ್ತಲೇ ಇಲ್ಲ, ಏನು ಮಾಡಲಿ?

ಪ್ರಶ್ನೆ: ಯುಗಾದಿ ಹೊತ್ತಿಗೆ ನರ್ಸರಿಯಿಂದ ಜೀಜೀ ಪ್ಲಾಂಟ್ (ZZ plant, ಮನೆಯೊಳಗೆ ಇಡುವ ಅಲಂಕಾರದ ಗಿಡ) ತಂದೆ. ಹಾಲ್‌ನಲ್ಲಿ ಟಿವಿ ಪಕ್ಕ ಇಟ್ಟಿದ್ದೇನೆ. ಎರಡು ದಿನಕ್ಕೊಮ್ಮೆ ತಪ್ಪದೆ ನೀರು ಹಾಕುತ್ತೇನೆ. ಇದುವರೆಗೆ ಒಂದೂ ಹೊಸ ಚಿಗುರಿಲ್ಲ, ಈಗ ಮೂರು ಕಡ್ಡಿ ಒಟ್ಟಿಗೇ ಹಳದಿಯಾಗುತ್ತಿವೆ. ಗೊಬ್ಬರ ಸಾಲುತ್ತಿಲ್ಲವೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಗೊಬ್ಬರದ ಮಾತು ಆಮೇಲೆ, ಮೊದಲು ನೀರು ನಿಲ್ಲಿಸಿ. ಈ ಗಿಡದ ತವರು ಆಫ್ರಿಕಾದ ಪೂರ್ವ ಭಾಗ, ಕೀನ್ಯಾದಿಂದ ದಕ್ಷಿಣ ಆಫ್ರಿಕಾದವರೆಗೆ. ಅಲ್ಲಿ ಮಳೆ ಕೈಕೊಟ್ಟಾಗ ಎಲೆ ಉದುರಿಸಿಕೊಂಡು, ಮಣ್ಣೊಳಗಿನ ಗೆಡ್ಡೆಯಲ್ಲಿ ಕೂಡಿಟ್ಟ ನೀರಿನಲ್ಲೇ ದಿನ ತಳ್ಳುತ್ತದೆ. ಕಡ್ಡಿಯ ಬುಡ ಅಷ್ಟು ದಪ್ಪಗಿರುವುದೂ ಅದಕ್ಕೇ. ಹೀಗಿರುವ ಗಿಡಕ್ಕೆ ಎರಡು ದಿನಕ್ಕೊಮ್ಮೆ ನೀರು ಹಾಕಿದರೆ ಗೆಡ್ಡೆ ಕೊಳೆಯದೆ ಇನ್ನೇನಾಗುತ್ತದೆ ಹೇಳಿ!

ಒಂದು ಹಳೇ ಕಡ್ಡಿ ಹಳದಿಯಾದರೆ ತಲೆಕೆಡಿಸಿಕೊಳ್ಳಬೇಡಿ. ಮೂರು ಒಟ್ಟಿಗೇ ಅಂದರೆ ಕೆಳಗೇನೋ ಆಗಿದೆ. ಪೇಪರ್ ಹಾಸಿ, ಕುಂಡ ಓರೆ ಮಾಡಿ ಗಿಡವನ್ನು ಮಣ್ಣಿನ ಸಮೇತ ಹೊರಗೆ ತೆಗೆಯಿರಿ. ಬೇರಿನ ನಡುವೆ ಸಣ್ಣ ಆಲೂಗಡ್ಡೆಯಂಥ ಗೆಡ್ಡೆಗಳು ಕಾಣುತ್ತವೆ. ಒತ್ತಿ ನೋಡಿ. ಗಟ್ಟಿಯಾಗಿದ್ದರೆ ಸರಿ, ಕಂದು ಬಣ್ಣಕ್ಕೆ ತಿರುಗಿ ಪಿಚಕ್ಕನೆ ಒಳಗೆ ಹೋಗಿ ಕೆಟ್ಟ ವಾಸನೆ ಬಂದರೆ ಅಷ್ಟು ಭಾಗ ಕತ್ತರಿಸಿ ಎಸೆಯಿರಿ. ಉಳಿದದ್ದನ್ನು ನೆರಳಲ್ಲಿ ಎರಡು ದಿನ ಸುಮ್ನೆ ಬಿಡಿ, ಕತ್ತರಿಸಿದ ಜಾಗ ಒಣಗಬೇಕು. ಕೆಲವರು ಅರಿಶಿನ ಹಚ್ಚುತ್ತಾರೆ, ಹಚ್ಚಿ ಬೇಕಾದರೆ, ಆದರೆ ಒಣಗಿಸುವುದೇ ಮುಖ್ಯ.

ನರ್ಸರಿಯಿಂದ ಬರುವ ಕುಂಡದಲ್ಲಿ ಎಷ್ಟೋ ಸಲ ಬರೀ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಇರುತ್ತದೆ. ಮೇಲೆ ಒಣಗಿದಂತೆ ಕಂಡರೂ ಒಳಗೆ ಹಸಿ ಹಸಿ. ಕೆಂಪು ಮಣ್ಣು, ದಪ್ಪ ಮರಳು, ಸ್ವಲ್ಪ ಎರೆಗೊಬ್ಬರ ಬೆರೆಸಿ ನೆಡಿ. ತಳದಲ್ಲಿ ತೂತಿರಲೇಬೇಕು. ಕುಂಡವನ್ನು ಚೆಂದದ ಪಿಂಗಾಣಿ ಪಾತ್ರೆಯೊಳಗೆ ಇಟ್ಟಿದ್ದರೆ ಅದರಲ್ಲಿ ನೀರು ನಿಂತಿದೆಯಾ ನೋಡಿ, ಅರ್ಧ ಗಿಡಗಳು ಸಾಯುವುದು ಅಲ್ಲೇ ಅನ್ನೋದು ನನ್ನ ಅನುಮಾನ.

ನೀರು ಯಾವಾಗ ಅಂತೀರಾ? ಊದುಬತ್ತಿ ಉರಿದ ಮೇಲೆ ಉಳಿಯುವ ಕಡ್ಡಿ ಇದೆಯಲ್ಲ, ಅಂಥ ಒಂದೆರಡನ್ನು ಮಣ್ಣಿನ ಆಳಕ್ಕೆ ಚುಚ್ಚಿ ಹತ್ತು ನಿಮಿಷ ಬಿಟ್ಟು ತೆಗೆಯಿರಿ. ತುದಿಗೆ ಹಸಿ ಮಣ್ಣು ಅಂಟಿದ್ದರೆ ನೀರು ಬೇಡ. ಬೇಸಿಗೆಯಲ್ಲಿ ಎರಡು ಮೂರು ವಾರಕ್ಕೊಮ್ಮೆ, ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಹಾಕಿದರೂ ನಡೆಯುತ್ತದೆ. ಹಾಕುವಾಗ ಮಾತ್ರ ತಳದಿಂದ ಹರಿಯುವಷ್ಟು ಹಾಕಿ, ಲೋಟದಲ್ಲಿ ಒಂದೊಂದು ಗುಟುಕು ಕೊಡಬೇಡಿ.

ಇನ್ನು ಚಿಗುರಿನ ವಿಷಯ. ಕತ್ತಲಲ್ಲೂ ಬೆಳೆಯುತ್ತದೆ ಅಂತ ಹೇಳಿ ಮಾರುತ್ತಾರೆ. ಕತ್ತಲಲ್ಲಿ ಅದು ಬೆಳೆಯುವುದಿಲ್ಲ, ಸಾಯದೆ ಇರುತ್ತದೆ ಅಷ್ಟೇ. ಟಿವಿ ಪಕ್ಕದಿಂದ ತೆಗೆದು ಪೂರ್ವದ ಕಿಟಕಿ ಹತ್ತಿರ ಇಡಿ. ಪಶ್ಚಿಮದ ಕಿಟಕಿಯಾದರೆ ಪರದೆ ಇರಲಿ, ಏಪ್ರಿಲ್ ಬಿಸಿಲಿಗೆ ಎಲೆ ಸುಡುತ್ತದೆ. ಒಳ್ಳೆಯ ಬೆಳಕಿದ್ದರೂ ವರ್ಷಕ್ಕೆ ಕೆಲವೇ ಕಡ್ಡಿ ಬರುವ ಗಿಡ ಇದು, ಅವೂ ಒಂದೆರಡು ಒಟ್ಟಿಗೆ ಬಂದು ಮತ್ತೆ ತಿಂಗಳುಗಟ್ಟಲೆ ಸುಮ್ಮನಾಗುತ್ತದೆ. ಬುಡದಲ್ಲಿ ಚೂಪಾದ ತಿಳಿಹಸಿರು ಮೊಳಕೆ ಕಂಡರೆ, ಎಲೆ ಬಿಚ್ಚಿಕೊಂಡು ಗಟ್ಟಿಯಾಗುವ ತನಕ ಮುಟ್ಟಬೇಡಿ. ಗೊಬ್ಬರ ಹೊಸ ಬೇರು ಹಿಡಿದ ಮೇಲೆ, ಅದೂ ಒಂದು ಹಿಡಿ ಸಾಕು.

ಪ್ರಶ್ನೆ: ಈ ಗಿಡ ಮುಟ್ಟಿದರೆ ಕ್ಯಾನ್ಸರ್ ಬರುತ್ತದೆ ಅಂತ ವಾಟ್ಸಾಪ್‌ನಲ್ಲಿ ಬಂದಿದೆ. ಮನೆಯಲ್ಲಿ ಒಂದು ವರ್ಷದ ಮಗು ಇದೆ. ಎಸೆದುಬಿಡಲೇ?
– ಓದುಗರೊಬ್ಬರು, ಶಿರಸಿ

ಉತ್ತರ: ಕ್ಯಾನ್ಸರ್ ಮಾತು ಸುಳ್ಳು. ನೀವು ಶಿರಸಿಯವರು, ನಿಮಗೆ ಇದನ್ನು ಹೇಳುವುದು ಸುಲಭ: ಕೆಸು, ಸುವರ್ಣಗೆಡ್ಡೆ, ಜೀಜೀ ಪ್ಲಾಂಟ್ ಎಲ್ಲ ಒಂದೇ ಕುಟುಂಬ. ಕೆಸು ಸರಿಯಾಗಿ ಬೇಯದಿದ್ದರೆ ಗಂಟಲು ತುರಿಸುತ್ತದಲ್ವಾ, ಅದಕ್ಕೆ ಕಾರಣವಾದ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳೇ ಇದರಲ್ಲೂ ಇವೆ. ಮುಟ್ಟಿದರೆ ಏನೂ ಆಗುವುದಿಲ್ಲ. ಕತ್ತರಿಸಿದಾಗ ರಸ ತಾಗಿದರೆ ಕೆಲವರಿಗೆ ಕಡಿತ ಶುರುವಾಗುತ್ತದೆ, ಕೈ ತೊಳೆಯಿರಿ. ಆದರೆ ಮಗು ಎಲೆ ಜಗಿದರೆ ಬಾಯಿ ಉರಿದು ಊದಬಹುದು. ಹುಣಸೆಹಣ್ಣು ಗಿಣಸೆಹಣ್ಣು ಅಂತ ಮದ್ದು ಹುಡುಕದೆ ಬಾಯಿ ಒರೆಸಿ ಡಾಕ್ಟರ ಹತ್ತಿರ ಹೋಗಿ. ಎಸೆಯುವುದೇನೂ ಬೇಡ, ಮಗುವಿನ ಕೈಗೆಟುಕದ ಎತ್ತರಕ್ಕೆ ಏರಿಸಿ. ಬೆಕ್ಕು, ನಾಯಿ ಇದ್ದರೂ ಇದೇ ಎಚ್ಚರಿಕೆ.

ಪ್ರಶ್ನೆ: ಬಿದ್ದ ಎಲೆಯಿಂದ ಹೊಸ ಗಿಡ ಆಗುತ್ತದಾ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಆಗುತ್ತದೆ, ಬುಡದ ತುದಿಯನ್ನು ಮರಳು ಮಣ್ಣಿಗೆ ಚುಚ್ಚಿ, ಬೆಳಕಲ್ಲಿಡಿ. ಕೆಲವು ತಿಂಗಳಲ್ಲಿ ಎಲೆಯ ಬುಡದಲ್ಲಿ ಪುಟ್ಟ ಗೆಡ್ಡೆ ಕಟ್ಟುತ್ತದೆ, ಮೇಲೆ ಚಿಗುರು ಕಾಣಲು ವರ್ಷವೇ ಆದೀತು. ನಡುವೆ ಎಲೆ ಒಣಗಿತು ಅಂತ ಕಿತ್ತೆಸೆಯಬೇಡಿ, ಮಣ್ಣೊಳಗಿನ ಗೆಡ್ಡೆ ಬದುಕಿರುತ್ತದೆ. ಅಷ್ಟು ತಾಳ್ಮೆ ಇಲ್ಲವಾದರೆ ದೊಡ್ಡ ಗಿಡವನ್ನೇ ಗೆಡ್ಡೆ ಸಮೇತ ಎರಡು ಭಾಗ ಮಾಡಿ ನೆಡಿ, ಅವತ್ತೇ ಎರಡು ಗಿಡ.